ಅಗ್ಗದ ಕವಚ, ಲೇಪದ ಭರವಸೆ

ಗುಂಡಿನೆದುರು ನಿಲ್ಲಲು ಒಬ್ಬ ಮನುಷ್ಯನನ್ನು ಕಳುಹಿಸುವ ಸರಕಾರವು ಅವನ ಎದೆಗೆ ಏನನ್ನು ಕಟ್ಟಿ ಕಳುಹಿಸುತ್ತದೆಂಬುದು ಉಗ್ರಾಣದ ಕಾರಕೂನರ ಲೆಕ್ಕಕ್ಕೆ ಬಿಟ್ಟು ಸುಮ್ಮನಿರತಕ್ಕ ವಿಷಯವಲ್ಲ. ಈಚಿನ ವರ್ಷಗಳಲ್ಲಿ ಜಗತ್ತಿನ ಪೇಟೆಗಳಲ್ಲಿ ಹರಡಿರುವ ಅಗ್ಗದ ಉಕ್ಕಿನ ಕವಚ ಫಲಕಗಳ ಬಗ್ಗೆಯೂ, ಅವುಗಳ ಮೇಲೆ ಬಳಿಯುವ ರಕ್ಷಕ ಲೇಪದ ಬಗ್ಗೆಯೂ ನಮ್ಮ ಓದುಗರ ಮುಂದೆ ನಾಲ್ಕು ಮಾತುಗಳನ್ನು ಇಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

2022ನೆಯ ಇಸವಿಯ ಫೆಬ್ರವರಿ 24ರಂದು ರಶಿಯದ ಸೈನ್ಯವು ಯುಕ್ರೇನಿನ ಮೇಲೆ ಏರಿ ಬಂದಾಗ, ಆ ದೇಶದಲ್ಲಿ ಆಯುಧ ಹಿಡಿಯಲು ಮುಂದೆ ಬಂದ ಜನರಿಗೆ ಸಾಕಾಗುವಷ್ಟು ಕವಚಗಳು ದಾಸ್ತಾನಿನಲ್ಲಿರಲಿಲ್ಲ. ಝಪೊರಿಝಿಯದಂಥ ಕೈಗಾರಿಕೆಯ ಪಟ್ಟಣಗಳಲ್ಲಿ ಸ್ವಯಂಸೇವಕರು ಉಕ್ಕನ್ನು ಕತ್ತರಿಸಿ ಎದೆಫಲಕಗಳನ್ನು ಮಾಡಿ ಕೊಟ್ಟರು. ಸಂಕಟಕಾಲದ ಆ ಉದ್ಯಮವನ್ನು ಯಾರೂ ಹಳಿಯಲಾರರು. ಅಮೇರಿಕದಲ್ಲಿಯಾದರೋ ಯಾವ ಯುದ್ಧದ ಒತ್ತಾಯವೂ ಇಲ್ಲದೆ, ಇಂಥ ಫಲಕಗಳು ಸಾಮಾನ್ಯ ನಾಗರಿಕರಿಗೆ ಅಗ್ಗದ ಸರಕಾಗಿ ಬಹುಕಾಲದಿಂದ ಮಾರಾಟವಾಗುತ್ತ ಬಂದಿವೆ. ಅವುಗಳ ಉಕ್ಕು ಹೆಚ್ಚಾಗಿ, ಗಣಿಯ ಯಂತ್ರಗಳ ಸವೆತವನ್ನು ತಡೆಯಲು ಮಾಡಿದ, ಬ್ರಿನೆಲ್ ಮಾಪನದಲ್ಲಿ ಸುಮಾರು 500ರಷ್ಟು ಗಡಸುತನವುಳ್ಳ ಜಾತಿಯದು. ಹತ್ತು ಅಂಗುಲ ಅಗಲ, ಹನ್ನೆರಡು ಅಂಗುಲ ಉದ್ದ, ಕಾಲು ಅಂಗುಲ ದಪ್ಪದ ಒಂದೇ ಫಲಕವು ಮೂರೂವರೆ ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಎದೆಗೊಂದು, ಬೆನ್ನಿಗೊಂದು ಕಟ್ಟಿಕೊಂಡವನ ಪಾಡನ್ನು ಓದುಗರೇ ಊಹಿಸಬಹುದು.

ತೂಕವನ್ನಾದರೂ ಸಹಿಸಬಹುದು. ನಿಜವಾದ ಅಪಾಯವು ಬೇರೆಡೆ ಇದೆ. ಸೀಸದ ಗುಂಡು ಗಡಸು ಉಕ್ಕಿಗೆ ಬಡಿದಾಗ ಅದು ಅಲ್ಲಿಯೇ ಅಂಟಿ ನಿಲ್ಲುವುದಿಲ್ಲ. ಪುಡಿಪುಡಿಯಾಗಿ, ಫಲಕದ ಮೈಯನ್ನು ಸವರಿಕೊಂಡು ಸುತ್ತಲೂ ಸಿಡಿಯುತ್ತದೆ. ಕಲ್ಲುಚಪ್ಪಡಿಯ ಮೇಲೆ ನೀರೆರಚಿದರೆ ಅದು ಹೇಗೆ ಹತ್ತೂ ಕಡೆಗೆ ಚಿಮ್ಮುವುದೋ ಹಾಗೆ. ಆ ಚೂರುಗಳು ಹೋಗುವ ದಾರಿಯಲ್ಲಿ ಇರುವುದೇನು? ಮೇಲೆ ಗಂಟಲು ಮತ್ತು ಗದ್ದ, ಪಕ್ಕಗಳಲ್ಲಿ ತೋಳುಗಳು, ಕೆಳಗೆ ತೊಡೆಗಳು. ಎದೆ ಉಳಿಯಿತು, ಗಂಟಲ ನಾಳ ಹರಿಯಿತು ಎಂದರೆ ಕವಚವು ಮಾಡಿದ ಉಪಕಾರವೇನು? ಗುಂಡನ್ನು ತಡೆದು ಅದರ ಚೂರನ್ನು ಧರಿಸಿದವನಿಗೇ ಹಂಚುವ ಫಲಕವು ಅರ್ಧ ಕವಚ ಮಾತ್ರ.

ಲೇಪವು ಬರುವುದು ಇಲ್ಲಿಯೇ. ಪಾಲಿಯೂರಿಯ ಎಂಬ, ರಬ್ಬರಿನಂತೆ ಬಾಗುವ ಪದಾರ್ಥವನ್ನು ಎರಡು ದ್ರವಗಳ ರೂಪದಲ್ಲಿ ಬಿಸಿಯಾಗಿ ಸಿಂಪಡಿಸುತ್ತಾರೆ. ಅವೆರಡೂ ಕೂಡಿದ ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುತ್ತವೆ. ಸರಕು ಸಾಗಿಸುವ ಮೋಟಾರುಗಳ ತೊಟ್ಟಿಗೆ ಗೀರು ಬೀಳದಂತೆ ಬಳಿಯುವುದೂ ಇದೇ ಬಗೆಯ ಲೇಪವನ್ನೇ. ಒಡೆದ ಗುಂಡಿನ ಚೂರುಗಳನ್ನು ತನ್ನ ಮೈಯೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಆದರೆ ಗ್ರಾಹಕನು ಒಂದು ಭೇದವನ್ನು ಚೆನ್ನಾಗಿ ಅರಿಯತಕ್ಕದ್ದು. ತೆಳ್ಳಗಿನ ಲೇಪವು ತುಕ್ಕನ್ನು ತಡೆಯುತ್ತದೆ, ಚೂರನ್ನು ತಡೆಯುವುದಿಲ್ಲ. ಚೂರನ್ನು ಹಿಡಿಯಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪನಾದ ಪದರ ಬೇಕು. ಅದರೊಡನೆ ತೂಕವೂ ಬೆಲೆಯೂ ಏರುತ್ತವೆ. ಎರಡೂ ಕಪ್ಪಗೆ, ಒರಟಾಗಿ ಒಂದೇ ತೆರನಾಗಿ ಕಾಣುವುದರಿಂದ, ತೆಳ್ಳಗಿನದನ್ನು ದಪ್ಪನೆಯದರ ಹೆಸರಿನಲ್ಲಿ ಮಾರುವುದು ಕಷ್ಟವೇನಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ಕಪ್ಪು ಬಣ್ಣಕ್ಕೂ ಅನ್ವಯಿಸಬೇಕಾಗಿದೆ.

ದಪ್ಪ ಲೇಪವೂ ಸರ್ವರಕ್ಷಕವಲ್ಲ. ಮೊದಲ ಕೆಲವು ಹೊಡೆತಗಳನ್ನು ಹೀರಿದ ಮೇಲೆ ಅದು ಉಕ್ಕಿನಿಂದ ಬಿಟ್ಟುಕೊಂಡು ಹರಿಯುತ್ತದೆ. ಅದೇ ಎಡೆಗೆ ಬಂದ ಮುಂದಿನ ಗುಂಡಿಗೆ ಬರಿಯ ಲೋಹವೇ ಎದುರಾಗುತ್ತದೆ. ಉಕ್ಕಿನ ಮೈಯನ್ನು ಮರಳು ಸಿಡಿಸಿ ಉಜ್ಜದೆ, ಎಣ್ಣೆಯ ಪಸೆಯನ್ನು ತೆಗೆಯದೆ ಬಳಿದ ಲೇಪವು ಗುಂಡು ಬೀಳುವ ಮುಂಚೆಯೇ ಸಡಿಲುವುದು. ಅದರಡಿ ನೀರು ಸೇರಿ ಹಿಡಿದ ತುಕ್ಕು ಕಣ್ಣಿಗೆ ಕಾಣುವುದಿಲ್ಲ. ಬಣ್ಣವನ್ನು ಒಲೆಯಲ್ಲಿ ಬೇಯಿಸುವಾಗ ಶಾಖ ಮಿತಿಮೀರಿದರೆ ಉಕ್ಕಿನ ಗಡಸುತನವೇ ಇಳಿಯುತ್ತದೆ. ರಕ್ಷಿಸಲೆಂದು ಮಾಡಿದ ಕೆಲಸವೇ ಭಕ್ಷಿಸಿದಂತಾಗುತ್ತದೆ. ಇನ್ನೂ ಮುಖ್ಯವಾದ ಸಂಗತಿ ಒಂದುಂಟು. ಇಂಥ ಉಕ್ಕನ್ನು ಸೋಲಿಸುವುದು ವೇಗ. 5.56 ಮಿಲಿಮೀಟರಿನ ಎಂ-193 ಎಂಬ ಸಾಧಾರಣ ಸೀಸದ ಗುಂಡು, ಉದ್ದ ನಳಿಕೆಯ ಬಂದೂಕಿನಿಂದ ಸಮೀಪದಲ್ಲಿ ಹಾರಿದಾಗ, ಉಕ್ಕಿನ ಮೊನೆಯುಳ್ಳ ಎಂ-855 ಗುಂಡನ್ನು ತಡೆದ ಫಲಕವನ್ನು ಸಹ ಭೇದಿಸಬಲ್ಲದು. ಎಷ್ಟು ದಪ್ಪನೆಯ ಲೇಪ ಬಳಿದರೂ ಈ ಕೊರತೆಯು ತುಂಬುವುದಿಲ್ಲ.

ಅಗ್ಗದ ಫಲಕದ ಪರವಾಗಿ ಹೇಳಬಹುದಾದ ಮಾತನ್ನೂ ನಾವು ಮರೆಮಾಚುವುದಿಲ್ಲ. ಸಿರಾಮಿಕ್ ಫಲಕವು ಗುಂಡನ್ನು ಒಡೆದು ಅದರ ಚೂರುಗಳನ್ನು ಬಹುಮಟ್ಟಿಗೆ ಹಿಂಬದಿಯ ನಾರಿನ ಪದರದಲ್ಲಿ ಹಿಡಿದುಕೊಳ್ಳುತ್ತದೆ, ತೂಕವೂ ಕಡಿಮೆ. ಆದರೆ ಅದು ದುಬಾರಿ, ಕೈತಪ್ಪಿ ಕೆಳಗೆ ಬಿದ್ದರೆ ಬಿರುಕು ಬಿಡಬಹುದು. ಉಕ್ಕು ಒರಟು ಬಳಕೆಯನ್ನೂ ಹಲವು ಹೊಡೆತಗಳನ್ನೂ ತಾಳುತ್ತದೆ. ಏನೂ ಇಲ್ಲದವನಿಗೆ ಉಕ್ಕಾದರೂ ಇರಲಿ ಎಂಬ ವಾದವನ್ನು ಯುಕ್ರೇನಿನಂಥ ಆಪತ್ತಿನಲ್ಲಿ ನಾವು ಒಪ್ಪುತ್ತೇವೆ. ಆದರೆ ಆಪದ್ಧರ್ಮವನ್ನು ನಿತ್ಯಧರ್ಮ ಮಾಡಿಕೊಳ್ಳುವುದಕ್ಕೆ, ಟೆಂಡರು ಕರೆದು ತಿಂಗಳುಗಟ್ಟಲೆ ಯೋಚಿಸಿ ಕೊಳ್ಳುವ ಇಲಾಖೆಗಳಿಗೆ ಯಾವ ನೆವವಿದೆ?

ನಮ್ಮ ದೇಶದಲ್ಲಿ ಈ ವಿಷಯದ ಅರಿವು ಇಲ್ಲವೆಂದಲ್ಲ. 2018ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಗುಂಡುನಿರೋಧಕ ಅಂಗಿಗಳಿಗಾಗಿ ಐ.ಎಸ್. 17051 ಎಂಬ ನಮ್ಮದೇ ಮಾನಕವನ್ನು ಹೊರಡಿಸಿತು. ಅದೇ ವರ್ಷ ಸೇನೆಗಾಗಿ 1.86 ಲಕ್ಷ ಅಂಗಿಗಳಿಗೆ 639 ಕೋಟಿ ರೂಪಾಯಿಗಳ ಕರಾರು ಆಯಿತು. ಅವುಗಳ ಫಲಕ ಬೋರಾನ್ ಕಾರ್ಬೈಡಿನದು. 2024ರ ಏಪ್ರಿಲಿನಲ್ಲಿ ಕಾನಪುರದ ರಕ್ಷಣಾ ಸಂಶೋಧನಾಲಯವು ಆ ಮಾನಕದ ಆರನೆಯ ಮಟ್ಟದ ಹಗುರ ಅಂಗಿಯನ್ನು ಸಿದ್ಧಪಡಿಸಿತು; ಅದರ ಫಲಕವೂ ಸಿರಾಮಿಕ್ಕಿನದೇ. ಸೇನೆಗೆ ದೊರೆತ ಈ ವಿವೇಕವು ಠಾಣೆಯ ಪೇದೆಗೂ, ಬ್ಯಾಂಕಿನ ಹಣದ ಗಾಡಿಯ ಕಾವಲುಗಾರನಿಗೂ ದೊರೆಯತಕ್ಕದ್ದಲ್ಲವೆ?

ಮಾನಕದ ಹೆಸರೊಂದೇ ಸಾಲದೆಂಬುದನ್ನೂ ಹೇಳಬೇಕಾಗಿದೆ. 2008ರ ಅಮೇರಿಕದ ಪ್ರಸಿದ್ಧ ಮಾನಕವು ಮುಖ್ಯವಾಗಿ ಕೇಳುತ್ತಿದ್ದುದು ಎರಡು ಪ್ರಶ್ನೆ: ಗುಂಡು ತೂರಿತೆ? ಹಿಂದಿನ ಜೇಡಿಮಣ್ಣಿನಲ್ಲಿ ಬಿದ್ದ ತಗ್ಗು 44 ಮಿಲಿಮೀಟರನ್ನು ಮೀರಿತೆ? ಚೂರುಗಳು ಮುಂಗಡೆಯಿಂದ ಗಂಟಲಿಗೆ ಹಾರಿದುವೆ ಎಂಬುದನ್ನು ಅದು ಅಳೆಯಲಿಲ್ಲ. ಎದೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಫಲಕವು ಕುತ್ತಿಗೆಯ ಪರೀಕ್ಷೆಗೆ ಕುಳಿತೇ ಇರಲಿಲ್ಲ!

ಆದುದರಿಂದ ಕೊಳ್ಳುವ ಅಧಿಕಾರಿಗಳಿಗೆ ನಮ್ಮ ಸೂಚನೆ ಇಷ್ಟೆ. ಉಕ್ಕನ್ನು ಕೊಳ್ಳಲೇಬೇಕಾಗಿ ಬಂದರೆ, ಲೇಪದ ದಪ್ಪವನ್ನು ಕರಾರಿನಲ್ಲಿ ಅಂಕೆಯಲ್ಲಿ ಬರೆಯಿಸಿರಿ. ಪ್ರತಿ ತಂಡದಿಂದ ಒಂದು ಫಲಕವನ್ನು ತೆಗೆದು, ಗಂಟಲಿನ ಎತ್ತರಕ್ಕೂ ತೋಳಿನ ಬದಿಗೂ ಕಾಗದದ ಹಾಳೆಗಳನ್ನು ನಿಲ್ಲಿಸಿ, ಒಂದಲ್ಲ, ಹಲವು ಗುಂಡುಗಳನ್ನು ಹಾರಿಸಿ ನೋಡಿರಿ. ಹಾಳೆಯಲ್ಲಿ ಬಿದ್ದ ತೂತುಗಳನ್ನು ಎಣಿಸಲು ವಿಶೇಷ ಪಾಂಡಿತ್ಯ ಬೇಕಾಗಿಲ್ಲ. ಆ ಹಾಳೆಯನ್ನು ಕಡತದಲ್ಲಿ ಬೆಲೆಯ ಪಟ್ಟಿಯ ಪಕ್ಕದಲ್ಲಿಯೇ ಹೊಲಿದಿಡಿರಿ. ಉಳಿಸಿದ ರೂಪಾಯಿಗಳೆಷ್ಟು, ಅದಕ್ಕೆ ಯಾರ ಗಂಟಲನ್ನು ಒತ್ತೆಯಿಟ್ಟೆವು ಎಂಬುದು ರುಜು ಹಾಕುವವರ ಕಣ್ಣಿಗೆ ಆಗ ತಾನಾಗಿಯೇ ಬಿದ್ದೀತು.