ಮನೆಯ ಮಾತು: ಬೆಂಕಿಪುರದ ನೆನಪು

ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದ ನನ್ನ ಮೊಮ್ಮಗಳು ಕಳೆದ ತಿಂಗಳು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರೊಳಗಿನ ಕಾಗದಪತ್ರಗಳನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು ಕುಳಿತಿದ್ದಳು. ಅವುಗಳ ನಡುವೆ ನನ್ನ ಅಜ್ಜಿಯ ಲಗ್ನಪತ್ರಿಕೆ ದೊರೆಯಿತು. ಅಂಚನ್ನು ಹುಳು ತಿಂದಿದ್ದರೂ ಮೂಲೆಯ ಅರಿಸಿನದ ಗುರುತು ಮಾಸಿರಲಿಲ್ಲ. ಪಿಂಗಳನಾಮ ಸಂವತ್ಸರದ ಫಾಲ್ಗುಣ ಮಾಸ, ಎಂದರೆ 1918ನೆಯ ಇಸವಿಯ ಮೊದಲ ಭಾಗ. ವರನ ಊರು ಬೆಂಕಿಪುರವೆಂದು ಬರೆದಿದ್ದಿತು.

“ಅಜ್ಜ, ಈ ಬೆಂಕಿಪುರ ಎಲ್ಲಿದೆ? ಭೂಪಟದಲ್ಲಿ ಹುಡುಕಿದೆ, ಕಾಣಲೇ ಇಲ್ಲ” ಎಂದಳು.

“ನೀನು ಮೊನ್ನೆ ರೈಲಿನಲ್ಲಿ ದಾಟಿಕೊಂಡು ಬಂದೆಯಲ್ಲ ಮಗು, ಅದೇ ಊರು. ಈಗ ಅದಕ್ಕೆ ಭದ್ರಾವತಿಯೆಂದು ಹೆಸರು” ಎಂದೆನು. ಅವಳಿಗೆ ಅಚ್ಚರಿಯಾಯಿತು. ನನಗಾದರೋ ಆ ಹೆಸರು ಕಿವಿಗೆ ಬೀಳುತ್ತಲೇ ಎಷ್ಟೋ ವರ್ಷಗಳಿಂದ ಮನಸ್ಸಿನ ಮೂಲೆಯಲ್ಲಿ ಕುಳಿತಿದ್ದ ಒಂದು ಸಂಗತಿ ಮೇಲಕ್ಕೆದ್ದು ಬಂದಿತು. ಈ ತಿಂಗಳು ವಾಚಕರೊಡನೆ ಅದನ್ನೇ ಹಂಚಿಕೊಳ್ಳಬೇಕೆಂದಿರುವೆನು.

ಮೊದಲು ಊರಿನ ಹೆಸರಿನ ಮಾತು. ವಂಕಿ ಮಹರ್ಷಿಗಳು ಭದ್ರಾನದಿಯ ತೀರದಲ್ಲಿ ತಪಸ್ಸು ಮಾಡಿದ್ದರಿಂದ ಈ ಸ್ಥಳಕ್ಕೆ ವಂಕಿಪುರವೆಂದು ಹೆಸರಾಯಿತೆಂದೂ, ಜನರ ಬಾಯಲ್ಲಿ ಅದೇ ಬೆಂಕಿಪುರವಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಹಳೇನಗರದಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ ತ್ರಿಕೂಟ. ಊರು ಚಿಕ್ಕದಾಗಿದ್ದರೂ ಅದರ ಹಿನ್ನೆಲೆ ಚಿಕ್ಕದಲ್ಲವೆಂಬುದಕ್ಕೆ ಆ ಗುಡಿಯೊಂದೇ ಸಾಕು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗದವರೆಗೆ ರೈಲು ಬಂದಾಗ ಇದು ಕಾಡಿನ ನೆರೆಯಲ್ಲಿದ್ದ ಒಂದು ಸಣ್ಣ ಊರು. ಮುಂದೆ ಕಬ್ಬಿಣದ ಕಾರ್ಖಾನೆ ಬಂದಿತು, ಊರಿಗೆ ನದಿಯ ಹೆಸರು ನಿಂತಿತು. ನಿಜವಾದ ಬೆಂಕಿ ಊರಿಗೆ ಬರುವ ವೇಳೆಗೆ ಬೆಂಕಿಯೆಂಬ ಹೆಸರು ಊರನ್ನು ಬಿಟ್ಟು ಹೋದುದು ಒಂದು ವಿಚಿತ್ರವೇ ಸರಿ.

ಕಾರ್ಖಾನೆಯ ವಿಷಯವನ್ನು ಬಲ್ಲವರು ಬಹಳ ಮಂದಿ ಇರುವರು. ಆದರೂ ಎಳೆಯರಿಗಾಗಿ ಒಂದೆರಡು ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಈ ಯೋಜನೆ ರೂಪುಗೊಂಡು 1918ರಲ್ಲಿ ಕೆಲಸ ಆರಂಭವಾಯಿತು. ಬಾಬಾಬುಡನಗಿರಿಯ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸಮೀಪದಲ್ಲಿಯೇ ಸುಣ್ಣದ ಕಲ್ಲು, ಪಕ್ಕದಲ್ಲಿ ಭದ್ರೆಯ ನೀರು, ಬಾಗಿಲಿಗೆ ಬಂದ ರೈಲು: ಇಷ್ಟೂ ಒಂದೆಡೆ ಕೂಡಿದ್ದವು. ಇಲ್ಲದಿದ್ದುದು ಕಲ್ಲಿದ್ದಲೊಂದೇ. ಆದಕಾರಣ ಕಾಡಿನ ಮರವನ್ನು ಇದ್ದಲು ಮಾಡಿ ಅದರಿಂದಲೇ ಕಬ್ಬಿಣವನ್ನು ಕರಗಿಸುವುದೆಂದು ನಿಶ್ಚಯವಾಯಿತು. ಮರವನ್ನು ಗಾಳಿ ಸೋಕದ ಕೋಷ್ಠಗಳಲ್ಲಿ ಕಾಯಿಸಿ, ಹೊರಬಂದ ಆವಿಯನ್ನು ತಣಿಸಿ ಮರದ ಮದ್ಯಸಾರವನ್ನೂ ಟಾರನ್ನೂ ತೆಗೆಯುತ್ತಿದ್ದರು. ಒಳಗೆ ಉಳಿದ ಇದ್ದಲು ಕುಲುಮೆಗೆ ಹೋಗುತ್ತಿದ್ದಿತು. 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಇಳಿಯಿತು. ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ಕಷ್ಟದಲ್ಲಿದ್ದ ಆ ವರ್ಷವೇ ವಿಶ್ವೇಶ್ವರಯ್ಯನವರು ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೂ ಅದನ್ನು ನಡೆಸಿದರು.

ನನ್ನ ಅಜ್ಜ ಆ ಕಾರ್ಖಾನೆಯಲ್ಲಿ ಇದ್ದಲಿನ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ದಿನಕ್ಕೆ ಎಷ್ಟು ಸೌದೆ ಬಂದಿತು, ಎಷ್ಟು ಇದ್ದಲು ಇಳಿಯಿತು, ಎಷ್ಟು ಪುಡಿಯಾಗಿ ಹೋಯಿತು ಎಂಬುದನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದರಂತೆ. ಎಷ್ಟು ತೊಳೆದರೂ ಅವರ ಉಗುರಿನ ಕಪ್ಪು ಹೋಗುತ್ತಿರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ನಾನು ಅವರನ್ನು ಕಂಡವನಲ್ಲ.

ನಾನು ಹುಟ್ಟಿ ಬೆಳೆದದ್ದು ನ್ಯೂಟೌನಿನ ಒಂದು ಸಣ್ಣ ವಸತಿಗೃಹದಲ್ಲಿ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ನನ್ನ ತಂದೆಯವರೂ ಅದೇ ಕಾರ್ಖಾನೆಯ ಕೆಲಸದಲ್ಲಿದ್ದರು. ಉಕ್ಕಿನ ವಿಭಾಗ 1936ರಲ್ಲಿಯೇ ಬಂದಿದ್ದಿತು. ಜೋಗದ ವಿದ್ಯುತ್ತು ದೊರೆತ ಮೇಲೆ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ನಮ್ಮ ಮನೆಯಲ್ಲಿ ಗಡಿಯಾರವೊಂದು ಇದ್ದರೂ ಅದನ್ನು ಯಾರೂ ನಂಬುತ್ತಿರಲಿಲ್ಲ. ಕಾರ್ಖಾನೆಯ ಕೂಗೇ ನಮಗೆ ಗಡಿಯಾರ. ಮೊದಲ ಕೂಗಿಗೆ ಒಲೆ ಹೊತ್ತಬೇಕು, ಎರಡನೆಯದಕ್ಕೆ ತಂದೆಯವರು ಬುತ್ತಿಯನ್ನು ಹಿಡಿದು ಹೊಸಲು ದಾಟಬೇಕು. ಬೀದಿಯ ಒಂದು ಮನೆಯಲ್ಲಿ ಕನ್ನಡ, ಆಚೆಯ ಮನೆಯಲ್ಲಿ ತಮಿಳು, ಎದುರಿಗೆ ತೆಲುಗು, ಮೂಲೆಯಲ್ಲಿ ಉರ್ದು. ನಾವು ಹುಡುಗರು ಯಾವ ಮನೆಯಲ್ಲಿ ಯಾವ ಭಾಷೆಯಲ್ಲಿ ತಿಂಡಿಯನ್ನು ಕೇಳಬೇಕೆಂಬುದನ್ನು ಶಾಲೆಗೆ ಸೇರುವ ಮುಂಚೆಯೇ ಕಲಿತುಬಿಟ್ಟಿದ್ದೆವು.

ರಾತ್ರಿಯ ವೇಳೆ ಕಾಯ್ದ ಕಿಟ್ಟವನ್ನು ಹೊರಗೆ ಸುರಿದಾಗ ಆ ಕಡೆಯ ಆಕಾಶವೆಲ್ಲ ಕೆಂಪಾಗುತ್ತಿದ್ದಿತು. ಜಗುಲಿಯ ಮೇಲೆ ಮಲಗಿದ್ದ ನಾವು ಮಕ್ಕಳು “ಹೋ” ಎಂದು ಕೂಗಿ ಎದ್ದು ಕುಳಿತುಕೊಳ್ಳುತ್ತಿದ್ದೆವು. ಆ ಹೊತ್ತಿನಲ್ಲಿ ನಮ್ಮೊಡನೆ ಕಥೆ ಹೇಳುತ್ತ ಕುಳಿತಿದ್ದ ಅಜ್ಜಿ ಮಾತ್ರ, ಕಥೆ ಎಲ್ಲಿಗೇ ಬಂದಿರಲಿ, ತಟ್ಟನೆ ನಿಲ್ಲಿಸಿ ಎದ್ದು ಒಳಗೆ ಹೋಗಿಬಿಡುವಳು. ಬೆಳಕು ಆರಿದ ಮೇಲೆ ಬಂದು ಮುಂದುವರಿಸುವಳು. ಕಣ್ಣಿಗೆ ಆ ಬೆಳಕು ಆಗದೆಂದು ನಾವು ತಿಳಿದಿದ್ದೆವು.

ಅಜ್ಜಿಯ ತವರು ಶಿವಮೊಗ್ಗದ ಕೋಟೆಯ ಬಳಿ. ಎರಡೂರಿಗೂ ನಡುವೆ ಹನ್ನೆರಡು ಮೈಲಿಯಷ್ಟೇ. ಆದರೂ ಅವಳ ಪಾಲಿಗೆ ಅವು ಎರಡು ಲೋಕಗಳು. ಭದ್ರಾವತಿ ಹೊಗೆ, ಕೂಗು, ಸಂಬಳದ ದಿನ; ಶಿವಮೊಗ್ಗ ತುಂಗೆಯ ಮೆಟ್ಟಿಲು, ಅಡಕೆಯ ಮಂಡಿ, ಸೀತಾರಾಮಾಂಜನೇಯನ ಗುಡಿಯ ಗಂಟೆ. ಗಂಗಾಸ್ನಾನ ತುಂಗಾಪಾನವೆಂಬ ಮಾತನ್ನು ಹೇಳುತ್ತಲೇ ತವರಿನಿಂದ ಒಂದು ತಂಬಿಗೆ ನೀರನ್ನು ರೈಲಿನಲ್ಲಿ ತರುವಳು. ಭದ್ರೆಯ ನೀರು ಏನು ಪಾಪ ಮಾಡಿದೆಯೆಂದು ತಂದೆಯವರು ನಗುವರು. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದಷ್ಟೆ. ನಮ್ಮ ಮನೆಯಲ್ಲಿ ಮಕ್ಕಳ ವಯಸ್ಸನ್ನು ಲೆಕ್ಕ ಹಾಕುತ್ತಿದ್ದುದೇ ಆ ಜಾತ್ರೆಯಿಂದ. 1927ರ ಆಗಸ್ಟಿನಲ್ಲಿ ಗಾಂಧೀಜಿಯವರು ಶಿವಮೊಗ್ಗಕ್ಕೂ ಭದ್ರಾವತಿಗೂ ಬಂದಿದ್ದರು. ಇತಿಹಾಸದ ಪುಸ್ತಕಗಳಲ್ಲಿ ಅವರ ಭಾಷಣ ಸಿಕ್ಕುತ್ತದೆ. ಅಜ್ಜಿಗೆ ನೆನಪಿದ್ದುದು ಅಂದಿನ ಮಳೆ, ಕೆಸರಿನಲ್ಲಿ ಹೂತುಹೋದ ತನ್ನ ಒಂದು ಕಾಲುಂಗುರ, ಮತ್ತು ಕಂಕುಳಲ್ಲಿದ್ದ ನನ್ನ ತಂದೆಯವರ ಅಳು.

ನಾನು ಶಿವಮೊಗ್ಗದ ಕಾಲೇಜಿಗೆ ಸೇರಿದ ಮೇಲೆ ಪ್ರತಿದಿನ ಬೆಳಗ್ಗೆ ರೈಲನ್ನು ಹಿಡಿಯಬೇಕಾಗಿದ್ದಿತು. ಭದ್ರಾವತಿಯಲ್ಲಿ ಆಕಾಶವಾಣಿ ಆರಂಭವಾದ 1965ನೆಯ ಇಸವಿ ಅದು, ಅಜ್ಜಿಗೆ ಕಾಯಿಲೆ. ಒಂದು ಮುಂಜಾನೆ ಅವಳ ಹಾಸಿಗೆಯ ಬಳಿ ಕಾಫಿಯನ್ನು ಇಡಲು ಹೋದಾಗ, ಕೇಳದೆಯೇ ಹೇಳಿದಳು: “ನಿನ್ನಪ್ಪನಿಗಿಂತ ಮುಂಚೆ ದೊಡ್ಡವನೊಬ್ಬ ಇದ್ದ ಕಣೋ. ದುಂದುಭಿ ಸಂವತ್ಸರದಲ್ಲಿ ಮೊದಲನೆಯ ಸಲ ಕಾರ್ಖಾನೆಯ ಬೆಂಕಿ ಕಂಡಿತಲ್ಲ, ಆವತ್ತು ಅವನನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ಆಕಾಶಕ್ಕೆ ಬೆರಳು ತೋರಿಸಿ ನಕ್ಕ. ಮುಂದಿನ ಮಳೆಗಾಲಕ್ಕೆ ಜ್ವರಗಡ್ಡೆ ಬಂದಿತು. ಹೋಗಿಬಿಟ್ಟ.”

ಮಲೆನಾಡಿನ ಜ್ವರ ಆ ದಿನಗಳಲ್ಲಿ ಎಂಥದೆಂಬುದನ್ನು ಈಗಿನವರು ಅರಿಯರು. ಚಳಿ ಹಿಡಿದು, ಹೊಟ್ಟೆಯ ಎಡಭಾಗದಲ್ಲಿ ಗಡ್ಡೆ ಕಟ್ಟಿ, ಎಷ್ಟೋ ಮನೆಗಳ ತೊಟ್ಟಿಲುಗಳು ಬರಿದಾದವು. ಕಾಡನ್ನು ಕಡಿಯಲು ಬಂದವರೂ ಕುಲುಮೆಯನ್ನು ಕಟ್ಟಲು ಬಂದವರೂ ಆ ಜ್ವರಕ್ಕೆ ತಲೆಕೊಟ್ಟರು. ಇದನ್ನೆಲ್ಲ ನಾನು ಮುಂದೆ ಓದಿ ತಿಳಿದೆನು. ಅಂದು ಮಾತ್ರ ನನ್ನ ಮನಸ್ಸು ರೈಲಿನ ಮೇಲಿದ್ದಿತು. “ಹೊತ್ತಾಯಿತು ಅಜ್ಜಿ, ಸಂಜೆ ಬಂದು ಕೇಳುತ್ತೇನೆ” ಎಂದು ಹೊರಟುಹೋದೆನು. ಸಂಜೆ ಬಂದಾಗ ಅವಳಿಗೆ ಮಾತಾಡುವ ಶಕ್ತಿಯಿರಲಿಲ್ಲ. ಆ ವಾರವೇ ತೀರಿಕೊಂಡಳು.

ಆ ಕೂಸಿನ ಹೆಸರು ಏನೆಂದು ನಾನು ಕೇಳಲಿಲ್ಲ. ತಂದೆಯವರನ್ನು ಕೇಳಿದೆನು, ಅವರಿಗೂ ತಿಳಿಯದು. ಅವರ ಮುಂದೆ ಅಜ್ಜಿ “ದೊಡ್ಡವನು” ಎಂದಲ್ಲದೆ ಬೇರೊಂದು ಹೆಸರನ್ನು ಎಂದೂ ಎತ್ತಿರಲಿಲ್ಲ. ಇದ್ದಲಿನ ಪ್ರತಿಯೊಂದು ಮಣವನ್ನೂ ಬರೆದಿಟ್ಟ ನಮ್ಮ ಅಜ್ಜನವರ ಕೈಯಿಂದ ತಮ್ಮ ಮೊದಲ ಮಗನ ಹೆಸರು ಬರೆದ ಒಂದು ಚೂರು ಕಾಗದವೂ ಆ ಪೆಟ್ಟಿಗೆಯಲ್ಲಿಲ್ಲ. ಮೊಮ್ಮಗಳೂ ನಾನೂ ಎರಡು ದಿನ ಹುಡುಕಿದೆವು.

ವಾಚಕರೇ, ನಮ್ಮ ಜಿಲ್ಲೆಗೆ ಬರಹದ ಬಡತನವಿಲ್ಲ. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿಯೂ 1904ರಲ್ಲಿಯೂ ಎರಡು ದೊಡ್ಡ ಸಂಪುಟಗಳನ್ನು ಅಚ್ಚು ಹಾಕಿಸಿದರು. ಯಾವ ಅರಸನು ಯಾವ ಗದ್ದೆಯನ್ನು ಯಾವ ಗುಡಿಗೆ ಬಿಟ್ಟನೆಂಬುದು ಅವುಗಳಿಂದ ತಿಳಿಯುತ್ತದೆ. ಕೆಳದಿಯ ಶಿವಪ್ಪನಾಯಕನು ಹೊಲಗದ್ದೆಗಳಿಗೆ ಗೊತ್ತುಮಾಡಿದ ಶಿಸ್ತು ಇಂದಿಗೂ ಜನರ ಬಾಯಲ್ಲಿದೆ. ಆದರೆ ಗದ್ದೆಯ ಕಂದಾಯಕ್ಕಿರುವ ದಾಖಲೆ ಗದ್ದೆಯವನ ಮಗುವಿಗಿಲ್ಲ. ನಮ್ಮ ಹೆಳವರು ಎತ್ತಿನ ಮೇಲೆ ಕುಳಿತು ಮನೆಮನೆಗೂ ಬಂದು ಒಕ್ಕಲುಗಳ ವಂಶಾವಳಿಯನ್ನು ಹೇಳುತ್ತಿದ್ದರು. ಹಿರಿಯರ ಹೆಸರನ್ನು ಕಾಯುವುದೇ ಅವರ ಕಸುಬು. ಇಂಗ್ಲೆಂಡಿನಲ್ಲಿ 1538ರಲ್ಲಿಯೇ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಚರ್ಚಿನವರೂ ತಮ್ಮ ಊರಿನ ಜ್ಞಾನಸ್ನಾನ, ಮದುವೆ, ಮಣ್ಣು ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಆದುದರಿಂದ ಅಲ್ಲಿಯ ಹಳ್ಳಿಯ ಕೂಲಿಯವನೂ ತನ್ನ ಹಿರಿಯರ ಹೆಸರನ್ನು ನಾನೂರು ವರ್ಷ ಹಿಂದಕ್ಕೆ ಹುಡುಕಬಲ್ಲನು. 1965ರಲ್ಲಿ, ನನ್ನ ಅಜ್ಜಿ ತೀರಿಕೊಂಡ ವರ್ಷದಲ್ಲಿಯೇ, ಅಲ್ಲಿಯ ಗ್ರಾಮಗಳ ಮಹಿಳಾ ಸಂಸ್ಥೆಗಳವರು ತಮ್ಮ ಸುವರ್ಣ ಮಹೋತ್ಸವಕ್ಕೆಂದು ಒಂದು ಕೆಲಸ ಮಾಡಿದರು. ತಮ್ಮ ತಮ್ಮ ಹಳ್ಳಿಯ ಅಂಗಡಿ, ಅಡುಗೆ, ಉಡುಪು, ಬೆಲೆ, ಹಳಬರ ನೆನಪು ಇವನ್ನೆಲ್ಲ ಬರೆದು, ಚಿತ್ರಗಳನ್ನು ಅಂಟಿಸಿ, ಊರಿಗೊಂದು ಪುಸ್ತಕವನ್ನು ಸಿದ್ಧಪಡಿಸಿದರು. ಅವರು ಪಂಡಿತರಲ್ಲ, ನಮ್ಮಂತೆಯೇ ಗೃಹಸ್ಥರ ಮನೆಯವರು.

ನಮಗೆ ಈ ಕೆಲಸದ ಅವಸರ ಹೆಚ್ಚಾಗಿದೆ. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾಗದದ ಕಾರ್ಖಾನೆ 2015ರ ಸುಮಾರಿಗೆ ಕೆಲಸವನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಹೋರಾಡಿದ ಮೇಲೆ ಆ ವರ್ಷವೇ ಒಂದು ಭಾಗ ಪುನಃ ನಡೆಯತೊಡಗಿತು. ಮುಂದೇನಾಗುವುದೋ ಬಲ್ಲವರಾರು? ಕಾರ್ಖಾನೆಯ ಲೆಕ್ಕಪತ್ರಗಳು ಎಲ್ಲಿಯಾದರೂ ಉಳಿದಾವು. ಆದರೆ ಮೊದಲ ಕೂಗಿಗೆ ಒಲೆ ಹೊತ್ತಿಸಿದವರ, ಕಾಡಿನಲ್ಲಿ ಸೌದೆ ಕಡಿದವರ, ಬೇರೆ ನಾಡಿನಿಂದ ಬಂದು ಇಲ್ಲಿಯೇ ಮಣ್ಣಾದವರ ಸಂಗತಿ ಅವರವರ ಮನೆಯಲ್ಲಿ ಉಳಿಯಬೇಕೇ ಹೊರತು ಬೇರೆಲ್ಲಿಯೂ ಉಳಿಯದು.

ಇದಕ್ಕೆ ದೊಡ್ಡ ಸಾಧನವೇನೂ ಬೇಡ. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮನೆಯ ಹಿರಿಯರ ಬಳಿ ಕುಳಿತು ಕೇಳಿರಿ: ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಅವರ ಹೆಸರೇನು, ಈ ಊರಿಗೆ ಬಂದದ್ದು ಏತಕ್ಕೆ, ಬೀದಿಗೆ ಮೊದಲು ಏನೆಂದು ಕರೆಯುತ್ತಿದ್ದರು, ಬಾವಿಯನ್ನು ತೋಡಿದವರು ಯಾರು. ಇಸವಿ ನೆನಪಿಲ್ಲದಿದ್ದರೆ ಜಾತ್ರೆಯನ್ನೋ ಸಂವತ್ಸರವನ್ನೋ ಕೇಳಿರಿ. ಪಂಚಾಂಗ ಮಿಕ್ಕುದನ್ನು ಹೇಳುತ್ತದೆ. ಒಬ್ಬರು ಹೇಳಿದುದನ್ನು ಇನ್ನೊಬ್ಬರು ಅಲ್ಲಗಳೆದರೆ ಎರಡನ್ನೂ ಬರೆಯಿರಿ. ದುಃಖದ ಸಂಗತಿಯನ್ನು ಬಲವಂತದಿಂದ ಕೇಳಬೇಡಿರಿ. ಆದರೆ ತಾವಾಗಿಯೇ ಹೇಳತೊಡಗಿದರೆ, ರೈಲು ತಪ್ಪಿದರೂ ಚಿಂತೆಯಿಲ್ಲ, ಎದ್ದು ಹೋಗಬೇಡಿರಿ.

ರಜೆ ಮುಗಿದು ಹೊರಡುವ ಮುನ್ನ ನನ್ನ ಮೊಮ್ಮಗಳು ಅಂಥ ಒಂದು ಪುಸ್ತಕವನ್ನು ತಂದು ಮೊದಲ ಪುಟದಲ್ಲಿ ಮನೆಯವರ ಹೆಸರುಗಳನ್ನು ಸಾಲಾಗಿ ಬರೆದಳು. ನನ್ನ ತಂದೆಯವರ ಹೆಸರಿನ ಮೇಲೆ ಒಂದು ಸಾಲನ್ನು ಖಾಲಿ ಬಿಟ್ಟು, ಪಕ್ಕದಲ್ಲಿ “ದೊಡ್ಡವನು, ಬೆಂಕಿಪುರ” ಎಂದು ಬರೆದಿದ್ದಳು. ಕೋಟೆಯ ಕಡೆಯ ಹಳೆಯ ನಂಟರಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇನ್ನೂ ಇದ್ದಾರೆಂದು ಕೇಳಿದ್ದೇನೆ. ಬರುವ ಭಾನುವಾರ ಅವರನ್ನು ಕಂಡು ಬರಬೇಕೆಂದಿರುವೆನು.