ಪರಿಸರದ ಲೆಕ್ಕ ಕಾಂಕ್ರೀಟಿನ ಪಾಠದೊಳಗೇ ಇರಲಿ
1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ತಡವಾಗಿಯಾದರೂ, ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಡ್ಡಾಯವಾಯಿತು. ಎಂಜಿನಿಯರಿಂಗಿನಲ್ಲಿ ಅದು ಹೆಚ್ಚಾಗಿ ಪಾಸಾದರೆ ಸಾಕೆನ್ನುವ ಬಿಡಿ ಪತ್ರಿಕೆಯಾಗಿಯೇ ಉಳಿದಿರುವುದು ನೋವಿನ ಸಂಗತಿ. ಅದು ಮೂಲ ವಿಷಯಗಳೊಳಗೆ ಬೆರೆಯಬೇಕು. ಸಿಮೆಂಟನ್ನೇ ನೋಡಿ: ಸುಣ್ಣದಕಲ್ಲನ್ನು ಸುಡುವಾಗ ಇಂಧನದ ಹೊಗೆಯಷ್ಟೇ ಅಲ್ಲ, ಕಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ 7ರಿಂದ 8. ತೊಲೆಯ ಬಲ ಲೆಕ್ಕ ಹಾಕುವ ವಿದ್ಯಾರ್ಥಿ ಅದೇ ಹಾಳೆಯಲ್ಲಿ ಈ ಹೊರಸೂಸುವಿಕೆಯನ್ನೂ ಲೆಕ್ಕ ಹಾಕಲಿ; ರಾಯಚೂರು ಉಷ್ಣ ಸ್ಥಾವರದ ಹಾರುಬೂದಿ ಬೆರೆಸಿದರೆ ಎಷ್ಟು ಇಳಿಯುತ್ತದೆಂದು ತೋರಿಸಲಿ. ಪಠ್ಯ ಈಗಾಗಲೇ ಭಾರವಾಗಿದೆ ಎಂಬ ಅಧ್ಯಾಪಕರ ಮಾತು ನಿಜ. ಆದರೆ ಇದು ಹೊಸ ವಿಷಯವಲ್ಲ, ಹಳೆಯ ಲೆಕ್ಕಕ್ಕೆ ಇನ್ನೊಂದು ಸಾಲು. ಉದ್ಯಮ ಇದನ್ನು ಕೇಳುವುದಿಲ್ಲ ಎನ್ನುವವರು ಗಮನಿಸಲಿ: ಷೇರುಪೇಟೆಯ ಮೊದಲ 1,000 ಕಂಪನಿಗಳು ಸುಸ್ಥಿರತೆಯ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದರ ಅಂಕಿಗಳು ಹುಟ್ಟುವುದು ಎಂಜಿನಿಯರುಗಳ ಮೇಜಿನ ಮೇಲೆ.