ದೊಡ್ಡಕ್ಷರದ ಸಮಾಚಾರ

ನಮ್ಮ ಅಣ್ಣನವರು ತಂತಿ ಕಚೇರಿಯಲ್ಲಿ ಬಹುಕಾಲ ಕೆಲಸಮಾಡಿ ನಿವೃತ್ತರಾದವರು. ಅವರು ಮೊಬೈಲಿನಲ್ಲಿ ಬರೆಯುವ ಇಂಗ್ಲಿಷ್ ಸಂದೇಶಗಳೆಲ್ಲವೂ ಮೊದಲಿನಿಂದ ಕೊನೆಯವರೆಗೆ ದೊಡ್ಡಕ್ಷರಗಳಲ್ಲಿಯೇ ಇರುವುವು. ಕೆಲವು ತಿಂಗಳ ಹಿಂದೆ ಪುಣೆಯಲ್ಲಿರುವ ಅವರ ಸೊಸೆಯು ನಮಗೆ ಫೋನುಮಾಡಿ, “ಚಿಕ್ಕಮಾವ, ಮಾವನವರಿಗೆ ನನ್ನ ಮೇಲೆ ಕೋಪವೇ? ಮಗುವನ್ನು ಕರೆದುಕೊಂಡು ಬಾ ಎಂದು ಬರೆದಿದ್ದಾರೆ. ಓದಿದರೆ ಗದರಿಸಿದ ಹಾಗಿದೆ” ಎಂದು ಬಹಳ ನೊಂದು ಹೇಳಿದಳು.

ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕೂಗಾಡಿದಂತೆ ಎಂಬುದು ಈಗಿನವರ ಭಾವನೆ. ನಮ್ಮ ಕನ್ನಡದಲ್ಲಿಯೂ ಸಂಸ್ಕೃತದ ನಾಗರಿಯಲ್ಲಿಯೂ ಅಕ್ಷರಕ್ಕೆ ಇಂತಹ ಎರಡು ರೂಪಗಳೇ ಇಲ್ಲವಾದುದರಿಂದ ನಮಗೆ ಇದು ಮೊದಲು ಹೊಳೆಯಲಿಲ್ಲ. ಅಣ್ಣನವರ ಅಭ್ಯಾಸಕ್ಕಾದರೋ ಕಾರಣವು ಬೇರೆ. ಹಳೆಯ ಟೆಲಿಪ್ರಿಂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಐದೈದು ಸಂಕೇತಗಳ ಒಂದು ಗುಂಪು. ಅವುಗಳಿಂದ 32 ಬಗೆಗಳು ಮಾತ್ರವೇ ಸಾಧ್ಯ. ಇಂಗ್ಲಿಷಿನ 26 ಅಕ್ಷರಗಳಿಗೆ ಸ್ಥಳ ಕೊಟ್ಟಮೇಲೆ ಚಿಕ್ಕಕ್ಷರಗಳಿಗೆ ಎಡೆಯೆಲ್ಲಿಯದು? ಮಗು ಹುಟ್ಟಿದ ಸುದ್ದಿಯೂ ಹಿರಿಯರು ತೀರಿಹೋದ ಸುದ್ದಿಯೂ ಅದೇ ದೊಡ್ಡಕ್ಷರಗಳಲ್ಲಿ ಬರುತ್ತಿದ್ದುವು. ನಮ್ಮ ದೇಶದಲ್ಲಿ ತಂತಿಯ ಸೇವೆಯು 2013ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಿಂತುಹೋಯಿತು. ಅಣ್ಣನವರ ಕೈಯ ರೂಢಿ ಮಾತ್ರ ನಿಲ್ಲಲಿಲ್ಲ.

ಎಪ್ಪತ್ತು ದಾಟಿದವರಿಗೆ ಹೊಸ ಪಾಠ ಹೇಳುವುದಕ್ಕಿಂತ ಸಂದೇಶಗಳನ್ನೇ ತಿದ್ದುವುದು ಸುಲಭವೆಂದು ನಾವು ಬಗೆದೆವು. ನಮ್ಮ ಹಳೆಯ ಶಿಷ್ಯನೊಬ್ಬನಿಂದ ಶೆಲ್ ಸ್ಕ್ರಿಪ್ಟ್ ಬರೆಯುವ ಕ್ರಮವನ್ನು ಕಲಿತೆವು. ಕಂಪ್ಯೂಟರಿಗೆ ಕೊಡತಕ್ಕ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಪಟ್ಟಿಯೇ ಶೆಲ್ ಸ್ಕ್ರಿಪ್ಟ್. ಕಂಪ್ಯೂಟರಿನಲ್ಲಿ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65, ಚಿಕ್ಕದರ ಸಂಖ್ಯೆ 97. ಉಳಿದ ಅಕ್ಷರಗಳಿಗೂ ಅಂತರ 32 ಮಾತ್ರವೇ. ಆದಕಾರಣ ‘ಟಿಆರ್’ ಎಂಬ ಒಂದೇ ಆಜ್ಞೆಯಿಂದ ಎಲ್ಲ ದೊಡ್ಡಕ್ಷರಗಳೂ ಚಿಕ್ಕವಾಗುವುವು. ಆಮೇಲೆ ‘ಸೆಡ್’ ಎಂಬ ಆಜ್ಞೆಯಿಂದ ವಾಕ್ಯದ ಮೊದಲ ಅಕ್ಷರವನ್ನೂ ಊರು ಹೆಸರುಗಳ ಮೊದಲ ಅಕ್ಷರವನ್ನೂ ಮತ್ತೆ ದೊಡ್ಡದು ಮಾಡಬೇಕು.

ವ್ಯಾಕರಣ ಓದಿದವರಿಗೆ ಇದು ಉತ್ಸರ್ಗ ಮತ್ತು ಅಪವಾದಗಳ ವಿಚಾರವೆಂದು ತೋರದೆ ಇರದು. ಪಾಣಿನಿಯ ಶಾಸ್ತ್ರದಲ್ಲಿ ಅಪವಾದವು ಎಲ್ಲಿಯೇ ಇದ್ದರೂ ಉತ್ಸರ್ಗವನ್ನು ಬಾಧಿಸುವುದು. ಇಲ್ಲಿ ಹಾಗಲ್ಲ, ಹಿಂದೆ ಬರೆದುದು ಹಿಂದೆ, ಮುಂದೆ ಬರೆದುದು ಮುಂದೆ. ನಾವು ಹೆಸರುಗಳ ನಿಯಮವನ್ನು ಮೊದಲು ಬರೆದೆವು; ಅನಂತರ ಬಂದ ಸಾಮಾನ್ಯ ನಿಯಮವು ಅವೆಲ್ಲವನ್ನೂ ನುಂಗಿಬಿಟ್ಟಿತು. ಕ್ರಮವನ್ನು ತಿರುಗಿಸಿದಮೇಲೆ ಸರಿಹೋಯಿತು.

ಇನ್ನೊಂದು ಪ್ರಮಾದವು ನಗೆಗೀಡಾಯಿತು. ಅಮೆರಿಕಾ ದೇಶಕ್ಕೆ ಬಳಸುವ ‘ಯು ಎಸ್’ ಎಂಬ ಎರಡಕ್ಷರವನ್ನು ಅಪವಾದಗಳ ಪಟ್ಟಿಗೆ ಸೇರಿಸಿದ್ದೆವು. ಚಿಕ್ಕಕ್ಷರದಲ್ಲಿ ಅದೇ ಎರಡಕ್ಷರಕ್ಕೆ ‘ನಮಗೆ, ನಮ್ಮನ್ನು’ ಎಂದರ್ಥ. “ನಮ್ಮೊಡನೆ ಬಂದು ಇರು” ಎಂಬ ಅಣ್ಣನವರ ಮಾತು “ಅಮೆರಿಕಾದೊಡನೆ ಬಂದು ಇರು” ಎಂದಾಯಿತು! ಎಲ್ಲವೂ ದೊಡ್ಡಕ್ಷರವಾಗಿರುವಾಗ ಇವೆರಡಕ್ಕೂ ಭೇದವಿಲ್ಲ. ವಾಕ್ಯದ ಅರ್ಥ ತಿಳಿದವರು ಮಾತ್ರವೇ ಇದನ್ನು ನಿರ್ಣಯಿಸಬಲ್ಲರು. ಆ ಪದವನ್ನು ಪಟ್ಟಿಯಿಂದ ತೆಗೆದು ಕಣ್ಣಿನಿಂದಲೇ ನೋಡಿ ತಿದ್ದಿದೆವು.

ಮೂರನೆಯ ತಪ್ಪನ್ನು ಹೇಳಲು ನಾಚಿಕೆಯಾಗುವುದು. ತಿದ್ದಿದ ಪಾಠವನ್ನು ಮೂಲದ ಕಡತಕ್ಕೇ ಬರೆಯುವಂತೆ ಆಜ್ಞೆಮಾಡಿದೆವು. ಶೆಲ್ಲಾದರೋ ಓದುವುದಕ್ಕೆ ಮುಂಚೆಯೇ, ಬರೆಯಬೇಕಾದ ಕಡತವನ್ನು ಬರಿದು ಮಾಡಿಬಿಡುವುದು. ಹೀಗಾಗಿ ಒಂದು ತಿಂಗಳ ಸಂದೇಶಗಳೆಲ್ಲವೂ ಕ್ಷಣದಲ್ಲಿ ಮಾಯವಾದುವು. ಅಣ್ಣನವರ ಮೊಬೈಲಿನಲ್ಲಿ ಅವು ಉಳಿದಿದ್ದುದರಿಂದ ಬದುಕಿದೆವು. ಮೂಲಪ್ರತಿಯನ್ನು ಬೇರೆ ಇರಿಸದೆ ತಿದ್ದುವ ಕೆಲಸಕ್ಕೆ ಕೈಹಾಕಬಾರದೆಂದು ಮಕ್ಕಳಿಗೆ ಮೂವತ್ತು ವರ್ಷ ಬೋಧಿಸಿದವರು ನಾವೇ!

ಕಡೆಗೆ ಮೂಲವನ್ನೂ ತಿದ್ದಿದ ಪ್ರತಿಯನ್ನೂ ಸೊಸೆಗೆ ಕಳುಹಿಸಿ, ತಂತಿ ಕಚೇರಿಯ ಕಥೆಯನ್ನೂ ತಿಳಿಸಿದೆವು. ಮರುದಿನವೇ ಅವಳು, “ಚಿಕ್ಕಮಾವ, ನೀವು ತಿದ್ದುವುದು ಬೇಡ. ಮಾವನವರು ಹೇಗೆ ಬರೆದರೂ ಇನ್ನು ನನಗೆ ಬೇಸರವಿಲ್ಲ” ಎಂದಳು. ನವರಾತ್ರಿಗೆ ಮಗುವಿನೊಡನೆ ಬಂದು ಹತ್ತು ದಿನ ಇದ್ದು ಹೋದಳು.

ನಮ್ಮ ಸ್ಕ್ರಿಪ್ಟು ಇದೀಗ ಕೆಲಸವಿಲ್ಲದೆ ಕುಳಿತಿದೆ. ಅದು ಹೋಗಲಿ. ಹಿರಿಯರ ಬರವಣಿಗೆಯಲ್ಲಿ ಒರಟುತನ ಕಂಡಾಗ, ಅವರು ಯಾವ ಕೆಲಸದಲ್ಲಿ ಕೈಪಳಗಿಸಿದವರೆಂಬುದನ್ನು ಮನೆಯ ಕಿರಿಯರು ಒಮ್ಮೆ ವಿಚಾರಿಸಿ ನೋಡಿದರೆ ಒಳ್ಳೆಯದು.